ಹಗಲಿನಲ್ಲಿ ಮೂತ್ರ ಸೋರುವ ಮಕ್ಕಳು ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ

ಕೇಳುಗರಿಗೆ ನಮಸ್ಕಾರ. ಐದು ವರ್ಷ ದಾಟಿದ ಮಗು ಹಗಲಿನಲ್ಲಿ, ಎಚ್ಚರವಿದ್ದಾಗಲೇ, ಮತ್ತೆ ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರೆ ಅದನ್ನು ಹಟವೆಂದು ತಿಳಿದು ಗದರಿಸುವುದು ಅನ್ಯಾಯ. ಮಗು ಬೇಕೆಂದು ಹಾಗೆ ಮಾಡುವುದಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳಲ್ಲಿ ಈ ತೊಂದರೆ ಸಾಮಾನ್ಯ.

ವೈದ್ಯರು ಮೊದಲು ಮಗುವಿನ ದಿನಚರಿಯನ್ನು ವಿಚಾರಿಸಿ, ಮೂತ್ರ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಇದು ಶಬ್ದದ ಅಲೆಗಳಿಂದ ನಡೆಯುವ ಪರೀಕ್ಷೆಯಾದ್ದರಿಂದ ನೋವಿಲ್ಲ, ಎಕ್ಸ್‌ರೇ ವಿಕಿರಣವೂ ಇಲ್ಲ. ಆದ್ದರಿಂದ ಎಷ್ಟು ಸಲ ಬೇಕಾದರೂ ಮಾಡಿಸಬಹುದು.

ಆದರೆ ಮೂತ್ರಕೋಶ ತುಂಬಿದಾಗ ಒಮ್ಮೆ ನೋಡಿ ಮುಗಿಸಿದರೆ ಅರ್ಧ ಪರೀಕ್ಷೆಯಷ್ಟೇ ಆಯಿತು. ಮಗು ಮೂತ್ರ ಮಾಡಿಬಂದ ಐದು ನಿಮಿಷದೊಳಗೆ ಮತ್ತೊಮ್ಮೆ ನೋಡಿ, ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯಬೇಕಾದ ಪ್ರಮಾಣದ ಅಂದಾಜು ಸಿಗುತ್ತದೆ. ಏಳು ವರ್ಷದ ಮಗುವಿಗೆ ಅದು 240 ಮಿಲಿಲೀಟರ್. ಆ ವಯಸ್ಸಿನಲ್ಲಿ ಒಂದೇ ಅಳತೆಯಲ್ಲಿ 20 ಮಿಲಿಲೀಟರಿಗಿಂತ ಹೆಚ್ಚು ಉಳಿದಿದ್ದರೆ ಮೂತ್ರಕೋಶ ಪೂರ್ತಿ ಖಾಲಿಯಾಗುತ್ತಿಲ್ಲವೆಂಬ ಸಂದೇಹ ಹುಟ್ಟುತ್ತದೆ, ಮರುದಿನವೋ ಮುಂದಿನ ಭೇಟಿಯಲ್ಲೋ ಮತ್ತೆ ಅಳೆದು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಹಿರೇಕೆರೂರಿನಿಂದಲೋ ರೋಣದಿಂದಲೋ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವ ಮಗುವಿಗೆ ದಾರಿಯುದ್ದಕ್ಕೂ ನೀರು ಕುಡಿಸಿ, ತಡೆದುಕೋ ಎಂದು ಒತ್ತಾಯಿಸಬೇಡಿರಿ. ಮಿತಿಮೀರಿ ತುಂಬಿದ ಮೂತ್ರಕೋಶ ಸರಿಯಾಗಿ ಖಾಲಿಯಾಗದೆ, ಇಲ್ಲದ ರೋಗವನ್ನು ತೋರಿಸಬಹುದು. ಸಹಜವಾಗಿ ಅವಸರವಾದಾಗ ಅಳೆಯುವುದೇ ಸರಿ.

ಇದೇ ಪರೀಕ್ಷೆಯಲ್ಲಿ ಮೂತ್ರಕೋಶದ ಹಿಂದಿರುವ ಗುದನಾಳವನ್ನೂ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮಗುವಿಗೆ ಮಲವಿಸರ್ಜನೆಯ ಅವಸರವಿಲ್ಲದಿದ್ದಾಗಲೂ ಅದರ ಅಗಲ ಮೂರು ಸೆಂಟಿಮೀಟರ್ ಮೀರಿದ್ದರೆ, ಮಲ ಗಟ್ಟಿಯಾಗಿ ಕೂತು ಮೂತ್ರಕೋಶವನ್ನು ಒತ್ತುತ್ತಿರುವ ಸಂಭವವಿದೆ. ದಿನಾ ಹೊರಕಡೆಗೆ ಹೋಗುತ್ತಾನೆ ಎಂದು ತಾಯಿ ನಂಬಿದ ಮಗುವಿನಲ್ಲೂ ಇದು ಕಾಣಸಿಗುತ್ತದೆ. ಮಲಬದ್ಧತೆಗೆ ಚಿಕಿತ್ಸೆ ಮಾಡಿದ ಮೇಲೆ ಎಷ್ಟೋ ಮಕ್ಕಳ ಮೂತ್ರ ಸೋರುವಿಕೆ ತಾನಾಗಿ ಕಡಿಮೆಯಾಗುತ್ತದೆ.

ಮೂತ್ರಪಿಂಡಗಳು ಊದಿಕೊಂಡಿವೆಯೇ, ಮೂತ್ರಕೋಶದ ಗೋಡೆ ದಪ್ಪವಾಗಿದೆಯೇ ಎಂಬುದೂ ವರದಿಯಲ್ಲಿರಬೇಕು. ಗಂಡುಮಗುವಿನ ಮೂತ್ರದ ಧಾರೆ ತೆಳ್ಳಗಿದ್ದರೆ, ಇಲ್ಲವೇ ಹೆಣ್ಣುಮಗು ಸರಿಯಾಗಿ ಮೂತ್ರ ಮಾಡುತ್ತಿದ್ದರೂ ದಿನವಿಡೀ ಹನಿಹನಿಯಾಗಿ ಒದ್ದೆಯಾಗುತ್ತಿದ್ದರೆ, ಹುಟ್ಟಿನಿಂದ ಬಂದ ದೋಷವಿರಬಹುದು. ಅಂಥ ದೋಷ ಕೆಲವೊಮ್ಮೆ ಸ್ಕ್ಯಾನಿಂಗಿಗೆ ಕಾಣುವುದಿಲ್ಲ. ವರದಿ ಸರಿಯಿದೆ ಎಂದು ಮನೆಗೆ ಮರಳದೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಿರಿ.