ಟಾರ್ ಬ್ರೌಸರ್: ಸೆಟ್ಟಿಂಗ್ ಮುಟ್ಟಬೇಡಿ, ಗಡಿಯಾರ ನೋಡಿ

ಎಲ್ಲರಿಗೂ ನಮಸ್ಕಾರ. ಮುಂಬೈ ಲೋಕಲ್ ರೈಲು ಹಳಿ ದುರಸ್ತಿಗೆ ನಿಲ್ಲುವ ಭಾನುವಾರದ ಮೆಗಾ ಬ್ಲಾಕ್ ದಾಟಿ ಡೊಂಬಿವಲಿ, ಮೀರಾ ರೋಡ್ ಕಡೆಯಿಂದ ಮಾಟುಂಗಕ್ಕೆ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ.

ಹೋದ ಸಲ ಆನ್‌ಲೈನ್ ಮೋಸದ ಬಗ್ಗೆ ಮಾತಾಡಿದ ಮೇಲೆ ಒಬ್ಬ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಎದೆಯಲ್ಲಿ ಗಂಟು ಸಿಕ್ಕಿದೆ ಅಂತ ಮನೆಯ ಕಂಪ್ಯೂಟರಿನಲ್ಲಿ ಹುಡುಕಿದ್ದರಂತೆ. ಮರುದಿನ ಸೊಸೆ ಕೂತರೆ ಪುಟಪುಟಕ್ಕೂ ಕ್ಯಾನ್ಸರ್ ಆಸ್ಪತ್ರೆಯ ಜಾಹೀರಾತು. ಗಂಡನಿಗೇ ಇನ್ನೂ ಹೇಳಿರಲಿಲ್ಲ ಅವರು. "ಯಾರಿಗೂ ಗೊತ್ತಾಗದ ಹಾಗೆ ಓದೋಕೆ ದಾರಿ ಇಲ್ವೇನಪ್ಪಾ?" ಅಂದರು. ಇದೆ ಅಕ್ಕ, ಟಾರ್ ಬ್ರೌಸರ್. ನೀವು ಯಾರು, ಎಲ್ಲಿಂದ ನೋಡುತ್ತಿದ್ದೀರಿ ಅನ್ನುವುದನ್ನು ಮರೆಮಾಡಿ ಸೈಟು ತೆರೆಯುವ ತಂತ್ರಾಂಶ ಇದು. ಟಾರ್ ಬ್ರೌಸರ್ ಮುಚ್ಚಿದ ಕೂಡಲೇ ನೋಡಿದ ಪುಟಗಳ ಪಟ್ಟಿ, ಕುಕೀ (ನಿಮ್ಮನ್ನು ಮತ್ತೆ ಗುರುತಿಸಲು ಸೈಟು ಇಡುವ ಸಣ್ಣ ಕಡತ) ಎಲ್ಲ ಅಳಿಸಿಹೋಗುತ್ತದೆ.

ಇದು ಕಳ್ಳರ ಸಾಮಾನು ಅನ್ನುವವರು ಇಲ್ಲೂ ಇರಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು. ನಾವು ಕನ್ನಡಿಗರು ಈ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕು.

ಟಾರ್ ಹೇಗೆ ಕೆಲಸ ಮಾಡುತ್ತದೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಿಮ್ಮ ಕೋರಿಕೆ ಬೇರೆ ಬೇರೆ ಕಡೆ ಇರುವ 3 ಕಂಪ್ಯೂಟರ್ ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನಿಮ್ಮ ನೆಟ್ ವಿಳಾಸ ಗೊತ್ತು, ನೀವು ಹೋಗುವ ಜಾಗ ಗೊತ್ತಿಲ್ಲ. ಕೊನೆಯದಕ್ಕೆ ಹೋಗುವ ಜಾಗ ಗೊತ್ತು, ನೀವು ಗೊತ್ತಿಲ್ಲ. ವಿಪಿಎನ್‌ನಲ್ಲಾದರೆ (ನಿಮ್ಮ ಕೋರಿಕೆಯನ್ನು ತನ್ನ ಯಂತ್ರದ ಮೂಲಕ ಕಳಿಸುವ ಕಂಪನಿಯ ಸೇವೆ) ಎರಡೂ ಒಂದೇ ಕಂಪನಿಯ ಕೈಯಲ್ಲಿ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು 2022ರಲ್ಲಿ ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆ ಕಂಪನಿಗಳಿಗೆ ಆದೇಶ ಕೊಟ್ಟಿದೆ.

ಈಗ ನಾನು ಯಾವಾಗಲೂ ಹಟ ಹಿಡಿದು ಹೇಳುವ ಮಾತು. ಸುಮ್ನೆ ಸೆಟ್ಟಿಂಗ್ ಮುಟ್ಟಬೇಡಿ. ಸಂಜೆ ಏಳಕ್ಕೆ ದಾದರ್ ಸೇತುವೆ ಮೇಲೆ ನಿಮ್ಮನ್ನು ಯಾರೂ ಗುರುತು ಹಿಡಿಯುವುದಿಲ್ಲ, ಅಲ್ವಾ? ಯಾಕೆಂದರೆ ನೀವೂ ಎಲ್ಲರ ಹಾಗೇ ಬ್ಯಾಗ್ ಹಿಡಿದು ಓಡುತ್ತಿದ್ದೀರಿ. ಅಲ್ಲಿ ಯಕ್ಷಗಾನದ ಕಿರೀಟ ಇಟ್ಟುಕೊಂಡು ಹೋಗಿ ನೋಡಿ! ಟಾರ್ ಬ್ರೌಸರ್ ಎಲ್ಲರನ್ನೂ ಒಂದೇ ಥರ ಕಾಣಿಸುತ್ತದೆ. ಕಿಟಕಿ ಹಿಗ್ಗಿಸಿದರೆ ಸುತ್ತ ಬೂದು ಅಂಚು ಬರುತ್ತದಲ್ಲ, ಅದು ದೋಷವಲ್ಲ. ನಿಮ್ಮ ಪರದೆಯ ನಿಜವಾದ ಅಳತೆ ಸೈಟಿಗೆ ಸಿಗದಿರಲಿ ಅಂತ ಬೇಕೆಂದೇ ಇಟ್ಟದ್ದು. ನೀವು ಇಷ್ಟದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಒಂದು ಹಾಕಿದಿರಿ ಅಂದರೆ ಗುಂಪಿನಿಂದ ಹೊರಗೆ ಬಂದಿರಿ.

ಸ್ವೀಡನ್ನಿನ ಡ್ಯಾನ್ ಎಗರ್‌ಸ್ಟಾಡ್ ಕಥೆ ಹೇಳದೆ ನಾನು ಕೂರುವುದಿಲ್ಲ. 2007ರಲ್ಲಿ ಆತ ಟಾರ್ ಜಾಲಕ್ಕೆ 5 ಕಂಪ್ಯೂಟರ್ ಸೇರಿಸಿದ. ಎಲ್ಲವೂ ಕೊನೆಯ ನಿಲ್ದಾಣಗಳು, ಅಂದರೆ ಎಕ್ಸಿಟ್. ಯಾರು ಬೇಕಾದರೂ ಸೇರಿಸಬಹುದು, ಜಾಲ ನಿಂತಿರುವುದೇ ಹಾಗೆ. ತನ್ನ ಯಂತ್ರ ದಾಟಿ ಹೊರಗೆ ಹೋಗುವುದನ್ನು ನೋಡುತ್ತಾ ಕೂತ. ರಾಯಭಾರ ಕಚೇರಿಗಳ ಇಮೇಲ್ ಹೆಸರು, ಪಾಸ್‌ವರ್ಡ್ ಎಲ್ಲ ಬರಿಗಣ್ಣಿಗೆ ಓದುವ ಹಾಗೆ ಹರಿದು ಬರುತ್ತಿತ್ತು. ಸುಮಾರು 100 ಖಾತೆಗಳ ಪಟ್ಟಿಯನ್ನು ಆತ ಬಹಿರಂಗ ಮಾಡಿಬಿಟ್ಟ. ಅದರಲ್ಲಿ ನಮ್ಮ ದೇಶದ ರಾಯಭಾರ ಕಚೇರಿಗಳೂ ಇದ್ದವು. ಟಾರ್ ಕೆಟ್ಟಿರಲಿಲ್ಲ. ಕೊನೆಯ ನಿಲ್ದಾಣದಿಂದ ಆಚೆಗೆ ಯಾರೂ ಓದದ ಹಾಗೆ ಮಾಹಿತಿಗೆ ಬೀಗ ಹಾಕುವುದು ಎಚ್‌ಟಿಟಿಪಿಎಸ್‌ನಂಥ ವ್ಯವಸ್ಥೆಯ ಕೆಲಸ, ಅದನ್ನು ಆ ಮೇಲ್‌ಗಳಿಗೆ ಯಾರೂ ಹಾಕಿರಲಿಲ್ಲ. ಈಗ ಟಾರ್ ಬ್ರೌಸರ್ ತಾನಾಗಿಯೇ ಎಚ್‌ಟಿಟಿಪಿಎಸ್ ಸೈಟನ್ನಷ್ಟೇ ತೆರೆಯುತ್ತದೆ, ಇಲ್ಲದಿದ್ದರೆ ಎಚ್ಚರಿಕೆ ತೋರಿಸುತ್ತದೆ. ಆ ಎಚ್ಚರಿಕೆ ಬಂದಾಗ ಮುಂದೆ ಒತ್ತಬೇಡಿ. ಇದನ್ನೂ ಸೆಟ್ಟಿಂಗಿನಲ್ಲಿ ತೆಗೆದುಹಾಕುವವರಿದ್ದಾರೆ! ಮುಟ್ಟಬೇಡಿ ಅಂತ ಅದಕ್ಕೇ ಹೇಳುವುದು.

ಸರಿ, ಕನೆಕ್ಟ್ ಒತ್ತಿದಿರಿ, ಎಷ್ಟು ಸೇರಿತು ಅಂತ ತೋರಿಸುವ ಗೆರೆ ಅರ್ಧಕ್ಕೆ ನಿಂತಿತು. ಕಾಂದಿವಲಿಯ ಒಬ್ಬ ಹೋಟೆಲ್ ಮಾಲೀಕರ ಮನೆಯಲ್ಲಿ ಹೀಗೇ ಆಗಿತ್ತು. ಅಳಿಸಿ ಮತ್ತೆ ಹಾಕಿದ್ದರು, ರೌಟರ್ ಬದಲಿಸಿದ್ದರು. ನಾನು ಪರದೆಯ ಮೂಲೆ ನೋಡಿದೆ. ತಾರೀಕು ವರ್ಷಗಟ್ಟಲೆ ಹಿಂದಿತ್ತು. ಡಬ್ಬ ಬಿಚ್ಚಿ ಮದರ್‌ಬೋರ್ಡಿನ ಸತ್ತ ಗುಂಡು ಸೆಲ್ ತೆಗೆದು ಹೊಸದು ಹಾಕಿದೆವು, ಟೈಮ್ ಸರಿ ಮಾಡಿದೆವು. ಒಂದೇ ಸಲಕ್ಕೆ ಸೇರಿತು. ಕಾರಣ ಇಷ್ಟೇ. ಜಾಲದ ಕಂಪ್ಯೂಟರುಗಳ ಪಟ್ಟಿ ಗಂಟೆಗೊಮ್ಮೆ ಹೊಸದಾಗುತ್ತದೆ, ಒಂದು ಪಟ್ಟಿ 3 ಗಂಟೆ ಮಾತ್ರ ಚಾಲ್ತಿಯಲ್ಲಿರುತ್ತದೆ. ನಿಮ್ಮ ಗಡಿಯಾರ ತೀರಾ ತಪ್ಪಿದ್ದರೆ ಆ ಪಟ್ಟಿಯನ್ನು ಟಾರ್ ನಂಬುವುದಿಲ್ಲ. ಟೈಮ್‌ಝೋನ್ ಕೂಡ ನೋಡಿ. ಮುಳ್ಳು ಸರಿ ಇದ್ದು ಝೋನ್ ಬೇರೆ ದೇಶದ್ದಾಗಿದ್ದರೂ ಇದೇ ಗೋಳು ಆಗಬಹುದು. ಕನೆಕ್ಷನ್ ಸೆಟ್ಟಿಂಗಿನಲ್ಲಿ ಟಾರ್ ಲಾಗ್, ಅಂದರೆ ಏನೇನಾಯಿತು ಎಂಬ ದಾಖಲೆ ಇದೆ, ಅದನ್ನು ಓದಿ. ಬಹಳ ಸಲ ಕಾರಣ ಅಲ್ಲೇ ಬರೆದಿರುತ್ತದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ಗಡಿಯಾರ ಸರಿ ಇದ್ದೂ ನಿಂತರೆ ಆಂಟಿವೈರಸ್ ಅಥವಾ ಫೈರ್‌ವಾಲ್ ತಡೆಯುತ್ತಿದೆಯಾ ನೋಡಿ. ನೆಟ್ ಕೊಡುವವರೇ ತಡೆದಿದ್ದರೆ ಬ್ರಿಡ್ಜ್, ಅಂದರೆ ತಡೆ ದಾಟಿಸಿ ಟಾರ್ ಜಾಲಕ್ಕೆ ಸೇರಿಸುವ ಬದಲಿ ದಾರಿ ಹಾಕಿ. ಅದರಲ್ಲಿ ಬಗೆಗಳಿವೆ. ಮೊದಲು ಸ್ನೋಫ್ಲೇಕ್, ಆಗದಿದ್ದರೆ ಒಬಿಎಫ್‌ಎಸ್4. ಸೆಟ್ಟಿಂಗಿನಲ್ಲಿ ನಾನು ಮುಟ್ಟಿ ಅನ್ನುವ ಜಾಗ ಇದೊಂದೇ. ಸೈಟು ಪದೇ ಪದೇ ಕ್ಯಾಪ್ಚಾ (ನೀವು ಮನುಷ್ಯರೇ ಎಂಬ ಪರೀಕ್ಷೆ) ಕೇಳಿದರೆ ಆ ಸೈಟಿಗೆ ಹೊಸ ಸರ್ಕಿಟ್ ಕೇಳಿ, ಬೇರೆ ದಾರಿ ಸಿಗುತ್ತದೆ. ನಿಧಾನವಾಯಿತು ಅಂತ ಬೈಯಬೇಡಿ, ಮೂರು ಕಡೆ ಸುತ್ತಿ ಬರಬೇಕಲ್ಲ. ಟೊರೆಂಟ್ (ದೊಡ್ಡ ಕಡತಗಳನ್ನು ಜನ ತಮ್ಮತಮ್ಮಲ್ಲೇ ಹಂಚಿಕೊಳ್ಳುವ ವಿಧಾನ) ಬೇಡವೇ ಬೇಡ, ಅದು ನಿಮ್ಮ ನಿಜವಾದ ವಿಳಾಸವನ್ನೇ ಹೇಳಿಬಿಡಬಹುದು. ನಿಮ್ಮ ಹೆಸರಿನ ಖಾತೆಗೆ ಲಾಗಿನ್ ಆದರೆ ನೀವು ಯಾರೆಂದು ನೀವೇ ಹೇಳಿದ ಹಾಗೆ.

ಭದ್ರತೆಯ ಮೂರು ಹಂತಗಳ ಬಗ್ಗೆ ಹೇಳಬೇಕಿತ್ತು, ಅದಕ್ಕೆ ಇನ್ನೊಂದು ಭಾನುವಾರ ಬೇಕು. ಫೋನಿನ ಪ್ರಶ್ನೆ ಜಾಸ್ತಿ ಬಂದಿದೆ. ಆಂಡ್ರಾಯ್ಡ್‌ಗೆ ಟಾರ್ ಬ್ರೌಸರ್ ಇದೆ. ಐಫೋನಿಗೆ ಆನಿಯನ್ ಬ್ರೌಸರ್ ಹಾಕಿ. ಆಂಡ್ರಾಯ್ಡ್‌ನಲ್ಲಿ ಹಾಕುವ ಮುಂಚೆ ತಯಾರಕರ ಹೆಸರು ದಿ ಟಾರ್ ಪ್ರಾಜೆಕ್ಟ್ ಅಂತ ಇದೆಯಾ ನೋಡಿ, ಹೋಲುವ ಹೆಸರಿನವು ಬೇರೆ ಇವೆ. ಲ್ಯಾಪ್‌ಟಾಪ್ ತಂದವರು ಹಿಂದಿನ ಮೇಜಿನ ಹತ್ತಿರ ಬನ್ನಿ, ಚಹಾ ಅಲ್ಲೇ ಇದೆ.