ಗೋಡೆ ಬೇಕೆಂದವರು ಪಾದ್ರಿಗಳೇ

ಕೇಳುಗರಿಗೆ ನಮಸ್ಕಾರ.

1802ರ ಜನವರಿ 1ರಂದು ಅಮೆರಿಕದ ಅಧ್ಯಕ್ಷರ ಮನೆಗೆ ಒಂದು ಉಡುಗೊರೆ ಬಂತು. ಬಂಡಿಯ ಗಾಲಿಯಂಥ ದುಂಡನೆಯ ಚೀಸ್. ತೂಕ 1,235 ಪೌಂಡ್, ಅಂದರೆ ಸುಮಾರು 560 ಕಿಲೋ. ಮ್ಯಾಸಚೂಸೆಟ್ಸಿನ ಚೆಷೈರ್ ಎಂಬ ಊರಿನ ರೈತರು ಹಾಲು ಕೂಡಿಸಿ ಮಾಡಿದ್ದು. ಅಷ್ಟು ದೂರದಿಂದ ಅದನ್ನು ತಂದವರು ಜಾನ್ ಲೀಲ್ಯಾಂಡ್ ಎಂಬ ಪಾದ್ರಿ, ಅಧಿಕೃತ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವರು. ಪಡೆದವರು ಥಾಮಸ್ ಜೆಫರ್ಸನ್. ಎದುರಾಳಿಗಳು ಚುನಾವಣೆಯ ಉದ್ದಕ್ಕೂ 'ನಾಸ್ತಿಕ' ಎಂದು ಜರೆದಿದ್ದ ಮನುಷ್ಯನಿಗೆ, ದೇವರ ವಾಕ್ಯ ಸಾರುವುದನ್ನೇ ಬದುಕು ಮಾಡಿಕೊಂಡಿದ್ದ ಪಾದ್ರಿಯೊಬ್ಬ ಚೀಸ್ ಹೊತ್ತು ಯಾಕೆ ಬಂದ?

ಉತ್ತರ ಅದೇ ದಿನ ಜೆಫರ್ಸನ್ ಬರೆದ ಒಂದು ಪತ್ರದಲ್ಲಿದೆ. ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಹಿಂದಿನ ಅಕ್ಟೋಬರಿನಲ್ಲಿ ಅವರಿಗೆ ತಮ್ಮ ಸಂಕಟ ಹೇಳಿಕೊಂಡಿದ್ದರು. ನಮ್ಮ ಧಾರ್ಮಿಕ ಸ್ವಾತಂತ್ರ್ಯವನ್ನು ರಾಜ್ಯ ನಮಗೆ ಹುಟ್ಟಿನಿಂದ ಬಂದ ಹಕ್ಕೆಂದು ಕಾಣುತ್ತಿಲ್ಲ, ತಾನು ತೋರಿಸಿದ ದಯೆಯೆಂದು ಕಾಣುತ್ತಿದೆ ಎಂಬುದು ಅವರ ನೋವು. ಅದಕ್ಕೆ ಉತ್ತರಿಸುತ್ತ ಜೆಫರ್ಸನ್, ಅಮೆರಿಕದ ಜನ ಸರ್ಕಾರ ಯಾವ ಧರ್ಮವನ್ನೂ ಅಧಿಕೃತ ಮಾಡದಂತೆ, ಯಾರ ಆಚರಣೆಯನ್ನೂ ತಡೆಯದಂತೆ ಕಟ್ಟಿಹಾಕುವ ತಮ್ಮ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ ಚರ್ಚಿಗೂ ಪ್ರಭುತ್ವಕ್ಕೂ ನಡುವೆ ಗೋಡೆಯೊಂದನ್ನು ಕಟ್ಟಿದ್ದಾರೆ ಎಂದರು.

ಈ ಗೋಡೆಯ ಮಾತು ಎತ್ತಿದೊಡನೆ, ಇದು ದೇವರನ್ನು ನಂಬದವರ ಹೂಟ ಎನ್ನುವವರು ಇಂದಿಗೂ ಇದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಜೆಫರ್ಸನ್‌ಗಿಂತ ಒಂದೂವರೆ ಶತಮಾನ ಮೊದಲು, 1644ರಲ್ಲಿ, ಇದೇ ಗೋಡೆಯ ಹೋಲಿಕೆ ಬಳಸಿದವರು ರೋಜರ್ ವಿಲಿಯಮ್ಸ್, ಅವರೂ ಪಾದ್ರಿಯೇ. ಅವರ ಕಣ್ಣಿಗೆ ಚರ್ಚು ಒಂದು ತೋಟ, ಲೋಕವೊಂದು ಕಾಡು. ಬೇಲಿ ಮುರಿದರೆ ಹಾಳಾಗುವುದು ಕಾಡಲ್ಲ, ತೋಟ. ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ ಆ ಹಾಳನ್ನು ಜನ ಕಣ್ಣಾರೆ ಕಂಡರು. ಅಲ್ಲಿ ಇಂಗ್ಲೆಂಡಿನ ಚರ್ಚೇ ಅಧಿಕೃತ. ಪರವಾನಗಿ ಇಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟರಿಗೆ ಸೆರೆಮನೆ. ಕಲ್‌ಪೆಪರ್‌ನ ಸೆರೆಮನೆಯಲ್ಲಿ ಅಂಥ ಒಬ್ಬ ಬೋಧಕ ಕಿಟಕಿಯ ಸರಳುಗಳ ಹಿಂದೆ ನಿಂತು, ಹೊರಗೆ ಸೇರಿದವರಿಗೆ ಬೋಧನೆ ಮುಂದುವರಿಸಿದ. ಪಕ್ಕದ ಕೌಂಟಿಯಲ್ಲಿ ಐದಾರು ಜನ ತಮ್ಮ ನಂಬಿಕೆ ಸಾರಿದ ತಪ್ಪಿಗೆ ಸೆರೆಯಲ್ಲಿದ್ದಾರೆಂದು ಜೇಮ್ಸ್ ಮ್ಯಾಡಿಸನ್ 1774ರ ಜನವರಿಯಲ್ಲಿ ಗೆಳೆಯನಿಗೆ ಸಿಟ್ಟಿನಿಂದ ಬರೆದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮುಂದೆ ಮೊದಲ ತಿದ್ದುಪಡಿಯನ್ನು ಮಂಡಿಸಿದವರು ಅವರೇ.

ಇನ್ನು ನಮ್ಮ ಕಾಲದ ಗದ್ದಲಕ್ಕೆ ಬರೋಣ. 2001ರ ಸೆಪ್ಟೆಂಬರ್ 11ರ ದಾಳಿ ನಡೆದು ಎರಡೇ ದಿನವಾಗಿತ್ತು. ಸತ್ತವರ ಎಣಿಕೆಯೂ ಮುಗಿದಿರಲಿಲ್ಲ. ಜೆರಿ ಫಾಲ್ವೆಲ್ ಎಂಬ ಪ್ರಭಾವಿ ಪಾದ್ರಿ ಟಿವಿಯಲ್ಲಿ ಕುಳಿತು, ಗರ್ಭಪಾತ ಮಾಡುವವರು, ಸ್ತ್ರೀವಾದಿಗಳು, ಸಲಿಂಗಿಗಳು ಈ ದುರಂತಕ್ಕೆ ದಾರಿ ಮಾಡಿಕೊಟ್ಟರು ಎಂದುಬಿಟ್ಟರು. ಮನೆಯವರ ಫೋಟೋ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ಜನರ ಮುಂದೆ ಆಡಿದ ಮಾತು ಅದು. ಇಂಥ ಮಾತಿಗೆ ಕ್ರೂರ ಎನ್ನದೆ ಬೇರೆ ಹೆಸರು ನನಗೆ ತಿಳಿಯದು.

ಆಮೇಲೆ ಆದದ್ದನ್ನೂ ನೋಡಬೇಕು. ಪೊಲೀಸರು ಅವರ ಬಾಗಿಲು ತಟ್ಟಲಿಲ್ಲ. ಚರ್ಚಿಗೆ ಬೀಗ ಬೀಳಲಿಲ್ಲ. ದೇಶದ ತುಂಬ ಜನ ಛೀ ಎಂದರು. ಅಧ್ಯಕ್ಷ ಬುಷ್‌ಗೆ ಇದು ಒಪ್ಪಿಗೆಯಿಲ್ಲ ಎಂದು ಶ್ವೇತಭವನ ಹೇಳಿತು. ಬುಷ್ ಅಂಥ ಪಾದ್ರಿಗಳ ಹಿಂಬಾಲಕರ ಮತದಿಂದಲೇ ಗೆದ್ದವರೆಂಬುದು ನೆನಪಿರಲಿ. ಫಾಲ್ವೆಲ್ ಕ್ಷಮೆ ಕೇಳಿದರು. ಗೋಡೆಯ ಎರಡೂ ಮಗ್ಗುಲು ಇಲ್ಲಿ ಕಾಣುತ್ತವೆ. ಪಾದ್ರಿಯ ಬಾಯಿಗೆ ಸರ್ಕಾರ ಕೈ ಹಾಕಲಿಲ್ಲ, ಪಾದ್ರಿಯ ಬಾಯಿ ಸರ್ಕಾರದ ಬಾಯಿಯೂ ಆಗಲಿಲ್ಲ. ಎರಡನೆಯದು ತಪ್ಪಿದ್ದರೆ? ಅದೇ ಮಾತಿನಿಂದ ಒಂದು ಕಾಯ್ದೆ ಹುಟ್ಟಿದ್ದರೆ ಕ್ಷಮೆಯಿಂದ ಏನೂ ಸರಿಹೋಗುತ್ತಿರಲಿಲ್ಲ.

ಹಾಗಾಗಿ ಧರ್ಮಗುರುವೊಬ್ಬರು ವಿವಾದದ ಮಾತಾಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಅವರತ್ತ ಅಲ್ಲ, ಅವರ ಮುಂದೆ ಕುಳಿತ ಅಧಿಕಾರಸ್ಥರತ್ತ. 1960ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ ನಗರದಲ್ಲಿ ಅಧ್ಯಕ್ಷ ಸ್ಥಾನದ ಕ್ಯಾಥಲಿಕ್ ಅಭ್ಯರ್ಥಿ ಜಾನ್ ಕೆನಡಿ ಪ್ರಾಟೆಸ್ಟಂಟ್ ಪಾದ್ರಿಗಳ ಸಭೆಯೆದುರು ನಿಂತದ್ದನ್ನು ನೆನೆಯಿರಿ. ಕ್ಯಾಥಲಿಕ್ ಅಧ್ಯಕ್ಷನಾದರೆ ಪೋಪ್ ಹೇಳಿದಂತೆ ಕುಣಿಯುತ್ತಾನೆ ಎಂಬ ಗುಮಾನಿ ಆ ಸಭೆಯಲ್ಲಿ ದಟ್ಟವಾಗಿತ್ತು. ಅವರು ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ, ಬಿಟ್ಟುಕೊಡಲೂ ಇಲ್ಲ. ಮನಸ್ಸಾಕ್ಷಿಗೂ ದೇಶದ ಹಿತಕ್ಕೂ ಹೊಂದದೆ ಹೋದ ದಿನ ರಾಜೀನಾಮೆ ಕೊಡುತ್ತೇನೆ ಎಂದರು. ಇಂಥ ಮಾತನ್ನು ಸ್ಪಷ್ಟವಾಗಿ ಹೇಳುವ ಅಭ್ಯರ್ಥಿಗಳು ವಿರಳ.

ತೆರಿಗೆ ವಿನಾಯಿತಿ ಪಡೆದ ಚರ್ಚುಗಳು ಚುನಾವಣೆಯಲ್ಲಿ ಇಂಥವರ ಪರ, ಇಂಥವರ ವಿರುದ್ಧ ಎಂದು ಇಳಿಯಬಾರದೆಂಬ ನಿಯಮ 1954ರಿಂದ ಅಮೆರಿಕದಲ್ಲಿದೆ. ಆರಾಧನೆಯ ವೇಳೆ ಪಾದ್ರಿ ತನ್ನ ಸಭೆಗೆ ಆಡಿದ ಮಾತಿಗೆ ಇದು ಅನ್ವಯಿಸದು ಎಂದು 2025ರಲ್ಲಿ ತೆರಿಗೆ ಇಲಾಖೆಯೇ ನ್ಯಾಯಾಲಯದಲ್ಲಿ ಹೇಳಿತು. ನನಗೆ ಇದು ಆತಂಕದ ಸಂಗತಿ. ಪ್ರಾರ್ಥನೆಗೆ ಬಂದವರ ಕಾಣಿಕೆ ಪ್ರಚಾರದ ದುಡ್ಡಾಗಲು ಹೆಚ್ಚು ಹೊತ್ತು ಬೇಡ.

ಮತ್ತೆ ಲೀಲ್ಯಾಂಡರ ಕಾಲಕ್ಕೆ. ಜೆಫರ್ಸನ್ನರ ಪತ್ರ ತಲುಪಿದ ಮಾತ್ರಕ್ಕೆ ಡ್ಯಾನ್‌ಬರಿಯವರ ಪಾಡು ಬದಲಾಗಲಿಲ್ಲ, ಏಕೆಂದರೆ ಆ ತಿದ್ದುಪಡಿ ಆಗ ರಾಜ್ಯಗಳನ್ನು ಕಟ್ಟಿಹಾಕುತ್ತಿರಲಿಲ್ಲ. ಊರಿನ ಅಧಿಕೃತ ಚರ್ಚಿನ ತೆರಿಗೆ ತಪ್ಪಬೇಕಾದರೆ, ತಾನು ಬೇರೆ ಪಂಥದವನೆಂದು ಬರೆದ ಚೀಟಿಯನ್ನು ಬ್ಯಾಪ್ಟಿಸ್ಟ್ ರೈತ ಒಪ್ಪಿಸಬೇಕಿತ್ತು. ಆ ಚೀಟಿಯ ಕಾಟ ಕನೆಕ್ಟಿಕಟ್ಟಿನಲ್ಲಿ ಮುಗಿದದ್ದು 1818ರಲ್ಲಿ. ಲೀಲ್ಯಾಂಡರ ಮ್ಯಾಸಚೂಸೆಟ್ಸಿನಲ್ಲಿ ಇನ್ನೂ ತಡ, 1833. ಅದನ್ನು ನೋಡುವವರೆಗೆ ಅವರು ಬದುಕಿದ್ದರು. ಆಗ ಅವರಿಗೆ 79 ವರ್ಷ.

ನಮಸ್ಕಾರ.