ನಾಲ್ಕು ಗಂಟೆಯ ಪೇಡೆ

ಕೇಳುಗರಿಗೆ ನಮಸ್ಕಾರ.

ಧಾರವಾಡದಲ್ಲಿ ಕೂತು ಸಿಹಿ ಕಡಿಮೆ ಮಾಡುವ ಮಾತಾಡಬೇಕು ಅಂದರೆ ಸ್ವಲ್ಪ ಧೈರ್ಯ ಬೇಕು. ಈ ಊರಿನ ಹೆಸರಿಗೇ ಪೇಡೆ ಅಂಟಿಕೊಂಡಿದೆ. ನಾನು ಬೆಂಗಳೂರಿನ ನೆಂಟರ ಮನೆಗೆ ಹೋದರೆ ಬಾಗಿಲು ತೆರೆದವರ ಕಣ್ಣು ಮೊದಲು ನನ್ನ ಕೈಚೀಲಕ್ಕೆ ಹೋಗುತ್ತದೆ. ಆಮೇಲೆ 'ಆರಾಮಾ?' ಎನ್ನುತ್ತಾರೆ.

ನಾನು ಡಾಕ್ಟರಲ್ಲ. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷದಿಂದ ಬಿಲ್ಲು ತಪಾಸಣೆ ಮಾಡುತ್ತಿರುವವಳು. ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತೇನೆ, ಸಂಜೆ ಅದರಲ್ಲೇ ಮರಳುತ್ತೇನೆ. ಹೋದ ವರ್ಷ ಬಸ್ ನಿಲ್ದಾಣದ ಆ ಸಣ್ಣ ಏರು ಹತ್ತುವಾಗ ಮೊಣಕಾಲು ಹಿಡಿಯಲು ಶುರುವಾಯಿತು. ಡಾಕ್ಟರು ಎಕ್ಸ್‌ರೇ ನೋಡಿ, ಮೊಣಕಾಲು ಚೆನ್ನಾಗಿಯೇ ಇದೆ, ಅದರ ಮೇಲಿನ ಭಾರ ಇಳಿಸಿ ಎಂದರು. 8 ಕಿಲೋ ಇಳಿಸಬೇಕಂತೆ.

ಮನೆಯಲ್ಲಿ ಅಷ್ಟೇನೂ ಕಷ್ಟವಾಗಲಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮಜ್ಜಿಗೆ. ನಮ್ಮ ಕಡೆಯ ಊಟ ಡಯಟ್ಟಿಗೆ ಹೇಳಿ ಮಾಡಿಸಿದಂತಿದೆ, ಅಲ್ವಾ? ರಾತ್ರಿ ಅನ್ನ ಬಿಟ್ಟೆ. ಹೋಳಿಗೆ ಹಬ್ಬಕ್ಕೆ ಮಾತ್ರ ಎಂದು ಸಾರಿದೆ. ಮನೆಯವರು ಎರಡು ದಿನ ಮುಖ ಸಣ್ಣ ಮಾಡಿಕೊಂಡು ಸುಮ್ಮನಾದರು.

ಕಾಟ ಶುರುವಾದದ್ದು ಕಚೇರಿಯಲ್ಲಿ.

ನಮ್ಮ ಸೆಕ್ಷನ್ನಿನಲ್ಲಿ ಫೈಲಿನ ಕಪಾಟಿನ ಪಕ್ಕ ಒಂದು ಸಣ್ಣ ಮೇಜಿದೆ. ನನ್ನ ಕುರ್ಚಿಯಿಂದ ಕೈ ಚಾಚಿದರೆ ಸಿಗುತ್ತದೆ. ಯಾರು ಸಿಹಿ ತಂದರೂ ಎಲ್ಲರಿಗೂ ಹಂಚಿ, ಉಳಿದ ಡಬ್ಬಿಯನ್ನು ಅಲ್ಲಿಡುವುದು ಹಿಂದಿನಿಂದ ಬಂದ ಪದ್ಧತಿ. ಡಬ್ಬಿಗೆ ಕಟ್ಟಿದ ದಾರ ಕತ್ತರಿಸುವಾಗ 'ಟಪ್' ಎಂದು ಒಂದು ಸದ್ದು ಬರುತ್ತದೆ. ಕಿವಿಗೆ ಬಿದ್ದರೆ ಸಾಕು, ಮೂರು ವೋಚರ್ ಆಚೆ ಇರುವವರ ತಲೆಯೂ ಎದ್ದು ನಿಲ್ಲುತ್ತದೆ. ಮುಚ್ಚಳ ತೆಗೆದರೆ ಮೇಲೊಂದು ಜಿಡ್ಡು ಹೀರಿದ ಕಾಗದ. ಅದರ ಕೆಳಗೆ ಕಂದು ಬಣ್ಣದ ಪೇಡೆಗಳು, ಮೈತುಂಬ ಸಕ್ಕರೆ ಪುಡಿ. ಹಾಲು ಸ್ವಲ್ಪವೇ ಸ್ವಲ್ಪ ತಳ ಹಿಡಿದಾಗಿನ ವಾಸನೆ.

ಪೇಡೆಯ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನದವರು ಇಲ್ಲಿ ಶುರು ಮಾಡಿದ್ದು ಇದು. ಖೋವಾವನ್ನು ಬೆಂಕಿಯ ಮೇಲೆ ಕೈಬಿಡದೆ ತಿರುವಿ ತಿರುವಿ ಕಂದು ಮಾಡಬೇಕು. ಅವಸರ ಮಾಡಿದರೆ ಬಣ್ಣವೂ ಬರುವುದಿಲ್ಲ, ರುಚಿಯೂ ಬರುವುದಿಲ್ಲ. ಲೈನ್ ಬಜಾರಿನಲ್ಲಿ ಪೇಡೆಗಾಗಿ ಸರದಿ ನಿಂತವರಲ್ಲಿ ನಾನೂ ಒಬ್ಬಳು.

ಸರಿ, ಡಬ್ಬಿ ಬಂತು. ಬೇಡ ಎನ್ನುವುದು ಹೇಗೆ? ನಮ್ಮ ಕಡೆ ಬೇಡ ಎಂದರೆ ಅದನ್ನು ಯಾರೂ ಉತ್ತರ ಎಂದು ಎಣಿಸುವುದಿಲ್ಲ. ಅದು ಮಾತುಕತೆಯ ಆರಂಭ ಅಷ್ಟೆ. 'ಒಂದಕ್ಕ ಏನ್ ಆಗ್ತೈತ್ರಿ?' 'ನಮ್ಮ ಮ್ಯಾಲೆ ಸಿಟ್ಟೇನ್ರಿ?' ಎಂದು ಶುರುವಾಗುತ್ತದೆ. ಮೊದಲು 'ಅರ್ಧ ಸಾಕ್ರಿ' ಎಂದು ನೋಡಿದೆ. ಮುರಿದ ಇನ್ನರ್ಧ ಯಾರಿಗೂ ಬೇಡ. ಹತ್ತು ನಿಮಿಷಕ್ಕೆ ಅದೂ ನನ್ನ ಹೊಟ್ಟೆಯಲ್ಲೇ. ಆಮೇಲೆ 'ಮನಿಗೆ ಒಯ್ತೀನ್ರಿ' ಎಂದು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟೆ. ಎರಡನೇ ಶನಿವಾರ, ಭಾನುವಾರ ಕಳೆದು ಬಂದು ನೋಡಿದರೆ ಸ್ಟಾಂಪ್ ಪ್ಯಾಡಿನ ತುಂಬ ಇರುವೆ.

ಕೊನೆಗೆ ಒಂದು ಸುಳ್ಳು ಹೇಳಿದೆ. 'ನನಗ ಶುಗರ್ ಬಂದೈತ್ರಿ' ಅಂದೆ.

ಆ ಕ್ಷಣಕ್ಕೆ ಅದು ಮಂತ್ರದಂತೆ ಕೆಲಸ ಮಾಡಿತು. ಮುಂದೆ ಬಂದ ಡಬ್ಬಿ ತಾನಾಗಿ ಹಿಂದೆ ಸರಿಯಿತು. ಆದರೆ ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಬಾಟಲಿ ಹಾಗಲಕಾಯಿ ರಸ ಇತ್ತು. ಮಧ್ಯಾಹ್ನ ಒಬ್ಬರು ನೇರಳೆ ಬೀಜದ ಪುಡಿ ತಂದುಕೊಟ್ಟರು. ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನವರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಕಾಲಿಗೆ ಗಾಯ ಮಾಡಿಕೊಳ್ಳಬೇಡಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮೂರನೇ ದಿನ ಹಾವೇರಿಯಿಂದ ಅತ್ತೆಯವರ ಫೋನು. 'ನಮಗ ಯಾಕ ಮುಚ್ಚಿಟ್ಟಿ ಅವ್ವಾ?' ಸುದ್ದಿ ಯಾವ ದಾರಿ ಹಿಡಿದು ಅಲ್ಲಿಗೆ ಮುಟ್ಟಿತೋ ದೇವರೇ ಬಲ್ಲ. ಅತ್ತೆಯವರಿಗೆ ನಿಜ ಹೇಳಿದೆ. ಬೈದರು. ಬೈದ ಮೇಲೆ, ಬರುವ ವಾರ ಗೋಧಿ ಹುಗ್ಗಿ ಮಾಡಿ ಕಳಿಸುತ್ತೇನೆ ಎಂದರು.

ನಗು ಬರುವ ಮಾತೇ. ಆದರೂ ನನಗೆ ನಾಚಿಕೆಯಾಯಿತು. ನಮ್ಮ ಸೆಕ್ಷನ್ನಿನಲ್ಲೇ ಇಬ್ಬರಿಗೆ ನಿಜವಾಗಿ ಸಕ್ಕರೆ ಕಾಯಿಲೆ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಇದು ಇರುವವರು ಸುಮಾರು 10 ಕೋಟಿ. ಬರುವ ಅಂಚಿನಲ್ಲಿ ನಿಂತವರು ಅದಕ್ಕಿಂತ ಜಾಸ್ತಿ, 13 ಕೋಟಿ ದಾಟುತ್ತಾರೆ. ಅವರ ಕಷ್ಟವನ್ನು ನಾನು ಪೇಡೆ ತಪ್ಪಿಸಿಕೊಳ್ಳಲು ನೆಪ ಮಾಡಿಕೊಂಡಿದ್ದೆ. ಎಲ್ಲರೆದುರು ತಪ್ಪು ಒಪ್ಪಿಕೊಂಡೆ. ಹಾಗಲಕಾಯಿ ರಸದ ಬಾಟಲಿ ತೊಳೆದು ವಾಪಸು ಕೊಟ್ಟೆ. ಅಂದ ಹಾಗೆ, ಕೇಳುತ್ತಿರುವವರಲ್ಲಿ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ನನ್ನ ಮುಂದಿನ ಲೆಕ್ಕಗಳನ್ನು ಹಿಡಿಯಬೇಡಿ. ನಿಮಗೆ ನಿಮ್ಮ ಡಾಕ್ಟರು ಹೇಳಿದ್ದೇ ಸರಿ.

ಸುಳ್ಳು ಕೆಟ್ಟಿತು. ಇನ್ನೇನು ಮಾಡುವುದು? ನನಗೆ ಗೊತ್ತಿರುವ ವಿದ್ಯೆ ಒಂದೇ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಹೊಡೆದೆ. ದಿನಾಂಕ, ಏನು ತಿಂದೆ, ಎಷ್ಟು, ಯಾರು ಕೊಟ್ಟರು. ಒಂದು ತಿಂಗಳು ಬಿಡುವುದೂ ಇಲ್ಲ, ತಡೆಯುವುದೂ ಇಲ್ಲ, ಸುಮ್ನೆ ಬರೆಯುವುದು ಎಂದು ನಿರ್ಧಾರ ಮಾಡಿದೆ.

ಅದು ಶ್ರಾವಣ ಮಾಸ. ಕೆಲಸದ ದಿನ 23. ಸಿಹಿ ಬಂದದ್ದು 17 ದಿನ. ಪಂಚಮಿಯ ಉಂಡಿಗಳದ್ದೇ ಒಂದು ಮೆರವಣಿಗೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಲಡಗಿ ಉಂಡಿ, ತಂಬಿಟ್ಟು. ಮನೆಗೊಂದು ರುಚಿ, ಎಲ್ಲರದ್ದೂ ನೋಡಲೇಬೇಕು. ಆಮೇಲೆ ಒಬ್ಬರು ಸ್ಕೂಟರ್ ಕೊಂಡರು. ಒಬ್ಬರಿಗೆ ಮೊಮ್ಮಗಳು. ಒಬ್ಬರು ತಿರುಪತಿಗೆ ಹೋಗಿ ಬಂದರು. ಇಬ್ಬರ ವರ್ಗಾವಣೆ ಆಯಿತು. ಒಬ್ಬರದು ಆಗಬೇಕಿದ್ದದ್ದು ರದ್ದಾಯಿತು, ಹೆಚ್ಚು ಸಿಹಿ ಬಂದದ್ದು ಅವತ್ತೇ. ಹಾವೇರಿಯವರು ಜಾಣರು ಎಂದು ನನಗೆ ಆಗಾಗ ಅನ್ನಿಸುತ್ತದೆ. ಸನ್ಮಾನ ಅಂದರೆ ಏಲಕ್ಕಿ ಹಾರ ಹಾಕುತ್ತಾರೆ. ಕೊರಳಿಗೆ ಭಾರ ಅಷ್ಟೆ, ಮೊಣಕಾಲಿಗಲ್ಲ.

ತಿಂಗಳ ಕೊನೆಗೆ ಕೂಡಿಸಿ ನೋಡಿದೆ. ಒಟ್ಟು 41.

ಮನೆಯ ಪುಟ್ಟ ತಕ್ಕಡಿಯಲ್ಲಿ ಒಂದು ಪೇಡೆ ಇಟ್ಟು ತೂಗಿದರೆ 22 ಗ್ರಾಂ. ಖೋವಾ, ಸಕ್ಕರೆ ಸೇರಿದ ಇಂಥ ಸಿಹಿ 100 ಗ್ರಾಮಿಗೆ ಸುಮಾರು 400 ಕ್ಯಾಲೊರಿ. ಅಂದರೆ ಒಂದಕ್ಕೆ ಹತ್ತಿರ ಹತ್ತಿರ 90. ಉಂಡಿಗಳನ್ನೂ ಅದೇ ದರದಲ್ಲಿ ಹಿಡಿದರೂ 41ಕ್ಕೆ 3,700 ಕ್ಯಾಲೊರಿ ಆಗುತ್ತದೆ. ಮೈಯಲ್ಲಿ ಒಂದು ಕಿಲೋ ಕೊಬ್ಬು ಅಂದರೆ 7,700 ಕ್ಯಾಲೊರಿ ಎಂದು ಹಿಡಿಯುತ್ತಾರೆ. ತಿಂಗಳಿಗೆ ಅರ್ಧ ಕಿಲೋಗೆ ತುಸು ಕಡಿಮೆ! ಮೈ ನಮ್ಮ ಕ್ಯಾಷ್ ಬುಕ್ಕಿನಷ್ಟು ನೇರವಾಗಿ ಲೆಕ್ಕ ಇಡುವುದಿಲ್ಲ, ನಿಜ. ಆದರೆ ರಾತ್ರಿ ಬಿಟ್ಟ ಅನ್ನ ಎಲ್ಲಿಗೆ ಹೋಯಿತು ಎಂದು ನನಗೆ ಗೊತ್ತಾಯಿತು.

ನಾನು ನಿಜವಾಗಿ ಬೆಚ್ಚಿದ್ದು ಈ ಅಂಕಿಗಲ್ಲ. ನಾಲ್ಕನೇ ಕಾಲಮ್ಮಿಗೆ. 'ಯಾರು ಕೊಟ್ಟರು' ಎಂಬ ಕಾಲಮ್ಮು.

ಒಂದೊಂದೇ ಟಿಕ್ ಹಾಕುತ್ತ ಬಂದೆ. ಒಬ್ಬರು ನನ್ನ ಮೇಜಿನ ತನಕ ಬಂದು, ಸುದ್ದಿ ಹೇಳಿ, ಕೈಗೆ ಕೊಟ್ಟದ್ದು 17. ಉಳಿದ 24ಕ್ಕೆ ಆ ಕಾಲಮ್ಮು ಖಾಲಿ. ಯಾರೂ ಕೊಟ್ಟಿರಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಕೈ ಚಾಚಿ ಡಬ್ಬಿಯಿಂದ ನಾನೇ ತೆಗೆದುಕೊಂಡಿದ್ದೆ. ಕೆಲವು ಸಲ ಬಿಲ್ಲು ನೋಡುತ್ತಲೇ ತಿಂದಿದ್ದೆ, ರುಚಿ ಕೂಡ ನೆನಪಿಲ್ಲ. ಜನ ಬಿಡಲ್ಲ, ಜನ ಬಿಡಲ್ಲ ಎಂದು ಊರೆಲ್ಲ ದೂರುತ್ತಿದ್ದೆ. ಆಡಿಟ್ ಭಾಷೆಯಲ್ಲಿ ಹೇಳುವುದಾದರೆ ಆ ದೂರಿಗೆ ವೋಚರೇ ಇರಲಿಲ್ಲ.

ಇದು ಗೊತ್ತಾದ ಮೇಲೆ ಕೆಲಸ ಸುಲಭ. 17ರ ತಂಟೆಗೆ ಹೋಗಲಿಲ್ಲ. 24ಕ್ಕೆ ಕೈ ಹಾಕಿದೆ.

ಮೊದಲು ಮೇಜು. ಒಂದು ಶನಿವಾರ ಸಿಪಾಯಿಯನ್ನು ಕರೆದು ಆ ಸಣ್ಣ ಮೇಜನ್ನು ರೆಕಾರ್ಡ್ ರೂಮಿನ ಒಳಗೆ ಇಡಿಸಿದೆ. ಒಬ್ಬರು ಗೊಣಗಿದರು. ಈಗ ನನಗೆ ಪೇಡೆ ಬೇಕೆಂದರೆ ಎದ್ದು, ಮೂರು ಜನರ ಮುಂದೆ ಹಾದು, ಧೂಳು ಹಿಡಿದ ಫೈಲುಗಳ ನಡುವೆ ಹೋಗಬೇಕು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅರ್ಧ ಆಸೆ ಕರಗುತ್ತದೆ.

ಆಮೇಲೆ ಹಸಿವು. ಒಂದೂವರೆಗೆ ಊಟ ಮಾಡಿದವರಿಗೆ ನಾಲ್ಕಕ್ಕೆ ಹೊಟ್ಟೆ ಕರೆಯುವುದು ಸಹಜ. ಖಾಲಿ ಹೊಟ್ಟೆಗೆ ಬರೀ ಸಿಹಿ ಬಿದ್ದರೆ ರಕ್ತದಲ್ಲಿ ಸಕ್ಕರೆ ಸರ್ರನೆ ಏರುತ್ತದೆ, ಅದನ್ನು ಇಳಿಸಲು ಇನ್ಸುಲಿನ್ ಓಡಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಹಾಗಾಗಿ ನಾನು ಮೂರೂ ಮುಕ್ಕಾಲಿಗೇ ಒಂದು ಮುಷ್ಟಿ ಹುರಿದ ಶೇಂಗಾ ತಿನ್ನುತ್ತೇನೆ. ಒಂದೇ ಮುಷ್ಟಿ, ಯಾಕೆಂದರೆ 30 ಗ್ರಾಂ ಶೇಂಗಾದಲ್ಲೂ 170 ಕ್ಯಾಲೊರಿ ಇದೆ, ಎರಡು ಪೇಡೆಗೆ ಹತ್ತಿರ. ಆದರೆ ಅದರಲ್ಲಿ ಪ್ರೋಟೀನು, ನಾರು ಇರುವುದರಿಂದ ಮನೆ ಮುಟ್ಟುವವರೆಗೆ ಹೊಟ್ಟೆ ತಕರಾರು ತೆಗೆಯುವುದಿಲ್ಲ. ಗದಗಿನಲ್ಲಿರುವ ನನ್ನ ನಾದಿನಿ ಇದನ್ನು ಕೇಳಿ 'ಅದರ ಬದಲಿ ಗಿರಮಿಟ್ ತಿನ್ನ ವೈನಿ' ಅಂದಳು. ಮಂಡಕ್ಕಿಯ ಗಿರಮಿಟ್ ಒಂದೇ ಬರುವುದಿಲ್ಲವಲ್ಲ, ಜೊತೆಗೆ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿಯನ್ನೂ ಕರೆದುಕೊಂಡು ಬರುತ್ತದೆ.

ಇನ್ನು ಚಹಾ. ಇದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿಲ್ಲ. ಅದನ್ನು ಸಿಹಿ ಎಂದು ನಾನು ಲೆಕ್ಕ ಹಿಡಿದವಳೇ ಅಲ್ಲ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚ, ಒಟ್ಟು 8 ಚಮಚ. ಚಮಚಕ್ಕೆ 5 ಗ್ರಾಂ ಹಿಡಿದರೆ 40 ಗ್ರಾಂ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ 10 ದಾಟಬಾರದು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆ 5 ಅಂದರೆ ಸುಮಾರು 25 ಗ್ರಾಂ. ನಾನು ಬರೀ ಚಹಾದಲ್ಲೇ ಅದನ್ನು ದಾಟಿಬಿಡುತ್ತಿದ್ದೆ. ಕ್ಯಾಂಟೀನಿನ ಹುಡುಗ ಕಿಟಲಿಯಲ್ಲೇ ಸಕ್ಕರೆ ಕಲಸಿ ತರುತ್ತಾನೆ, ಹಾಗಾಗಿ ಕಡಿಮೆ ಮಾಡಲು ದಾರಿಯೇ ಇರಲಿಲ್ಲ. ಅವನಿಗೆ ಹೇಳಿ ಒಂದು ಕಪ್ಪು ಸಪ್ಪನೆಯದು ಬೇರೆ ತರಿಸತೊಡಗಿದೆ. ಮೊದಲ ವಾರ ಔಷಧಿ ಕುಡಿದ ಹಾಗಿತ್ತು. ಮೂರನೇ ವಾರ ಮರೆತು ಸಿಹಿ ಚಹಾ ಬಾಯಿಗಿಟ್ಟರೆ ಪಾಯಸದಂತೆ ಅನ್ನಿಸಿತು.

ಬೆಲ್ಲದ ಮಾತು ಬೇಗ ಮುಗಿಸುತ್ತೇನೆ. ಗೋಕಾಕಿನದೋ ಅಮೀನಗಡದ್ದೋ ಕರದಂಟು ಬಂದಾಗ 'ಇದು ಬೆಲ್ಲದ್ದರಿ, ಏನಾಗಂಗಿಲ್ಲ' ಎನ್ನುತ್ತಾರೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಒಳ್ಳೆಯವೇ. ಆದರೆ ಬೆಲ್ಲ ಬಹುಪಾಲು ಸಕ್ಕರೆಯೇ. 100 ಗ್ರಾಂ ಸಕ್ಕರೆ ಸುಮಾರು 400 ಕ್ಯಾಲೊರಿಯಾದರೆ ಬೆಲ್ಲ 380ರ ಹತ್ತಿರ. ಅಜ್ಜಿಯ ಕಾಲದವರು ಬೆಲ್ಲ ತಿಂದು ಹೊಲಕ್ಕೆ ಹೋಗುತ್ತಿದ್ದರು. ನಾವು ಹೋಗುವುದು ಕಂಪ್ಯೂಟರಿನ ಮುಂದಕ್ಕೆ.

ಆರು ತಿಂಗಳಾಯಿತು. ನಾಲ್ಕೂವರೆ ಕಿಲೋ ಇಳಿದಿದ್ದೇನೆ. ನಡುವೆ ಒಂದು ಮದುವೆ ಸೀಸನ್ನಿನಲ್ಲಿ ಒಂದು ಕಿಲೋ ವಾಪಸು ಬಂದಿತ್ತು, ಅದನ್ನೂ ಬರೆದಿಟ್ಟಿದ್ದೇನೆ. ಬಸ್ ನಿಲ್ದಾಣದ ಏರಿನಲ್ಲಿ ಈಗ ಕಂಬಿ ಹಿಡಿಯುವುದಿಲ್ಲ.

ಹೋದ ವಾರ ನಮ್ಮ ಸಿಪಾಯಿ ರಜೆ ಮುಗಿಸಿ ಬಂದ. ಮಗಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಆ ಮನೆಯಲ್ಲಿ ಸಂಬಳದ ಆರ್ಡರ್ ಹಿಡಿದ ಮೊದಲ ಹೆಣ್ಣುಮಗಳು. ಡಬ್ಬಿ ಹಿಡಿದು ಎಲ್ಲರ ಬಳಿ ಹೋಗಿ, ಕಡೆಗೆ ನನ್ನ ಮೇಜಿನ ಎದುರು ಬಂದು ನಿಂತ. ನನ್ನ ಸುಳ್ಳು, ನೋಟ್‌ಬುಕ್ಕು, ಮೇಜು ಸಾಗಿಸಿದ್ದು ಎಲ್ಲ ಅವನಿಗೆ ಗೊತ್ತು. ಡಬ್ಬಿಯನ್ನು ಮುಂದೆ ಚಾಚಲಿಲ್ಲ. ಒಂದು ಚೂರು ಕಾಗದದ ಮೇಲೆ ಒಂದೇ ಒಂದು ಪೇಡೆ ಇಟ್ಟುಕೊಂಡಿದ್ದ.

'ಅಕ್ಕಾರ, ಇದೊಂದು ನಿಮ್ಮದರಿ. ಡಬ್ಬಿ ಒಳಗ ಇಟ್ಟು ಬರ್ತೀನಿ.'

ಪೆನ್ನು ಕೆಳಗಿಟ್ಟು ಎದ್ದು ನಿಂತು ತಿಂದೆ. ಮಗಳು ಯಾವ ಊರಿಗೆ ಹೋಗಬೇಕು, ಹಾಸ್ಟೆಲ್ ಇದೆಯಾ, ಯಾವತ್ತು ಹಾಜರಾಗಬೇಕು ಎಂದು ಕೇಳುತ್ತ ನಿಧಾನಕ್ಕೆ ತಿಂದೆ. ಅವನು ಹೋದ ಮೇಲೆ ನೋಟ್‌ಬುಕ್ ತೆಗೆದು ದಿನಾಂಕ ಹಾಕಿದೆ. ಪೇಡೆ, ಒಂದು. ನಾಲ್ಕನೇ ಕಾಲಮ್ಮಿನಲ್ಲಿ ಅವನ ಮಗಳ ಹೆಸರು ಬರೆದೆ.

ನಮಸ್ಕಾರ.